ದೊಡ್ಡ ಗಾಡಿಯ ಹಿತ್ತಾಳೆ ಪ್ಲೇಟು

ನಮ್ಮ ಮನೆಗಿಂತ ಆ ಕಾರಿನ ಮನೆ ದೊಡ್ಡದಿತ್ತು. ಬಸವನಗುಡಿಯ ವಕೀಲರ ಮನೆಯ ಹಿತ್ತಲಿನಲ್ಲಿ ಒಂದು ಕಾರ್ ಶೆಡ್ಡು, ಅದರ ಬೆನ್ನಿಗೆ ಅಂಟಿಕೊಂಡಂತೆ ನಮ್ಮ ಒಂದು ಕೋಣೆ. ಮಧ್ಯೆ ಇದ್ದದ್ದು ಒಂದೇ ಗೋಡೆ. ಶೆಡ್ಡಿಗೆ ಮಂಗಳೂರು ಹೆಂಚು, ನಮಗೆ ಶೀಟು. ಶೆಡ್ಡಿನ ನೆಲಕ್ಕೆ ಕಡಪ ಕಲ್ಲು ಹಾಸಿತ್ತು, ನಮ್ಮ ನೆಲದ ಗಾರೆ ಕಿತ್ತುಹೋಗಿ ಅಮ್ಮ ವಾರಕ್ಕೊಮ್ಮೆ ಸಗಣಿ ಬಳಿಯುತ್ತಿದ್ದಳು. ಮಳೆ ಬಂದರೆ ನಾವು ಪಾತ್ರೆ ಇಟ್ಟು ನೀರು ಹಿಡಿಯುತ್ತಿದ್ದೆವು, ಕಾರು ಒಣಗಿದ ಮೈಯಲ್ಲಿ ನಿಂತಿರುತ್ತಿತ್ತು. ಆ ಗೋಡೆಯಿಂದ ಪೆಟ್ರೋಲು, ಗ್ರೀಸು, ಹಳೆ ಚರ್ಮ ಎಲ್ಲ ಸೇರಿದ ಒಂದು ವಾಸನೆ ಬರುತ್ತಿತ್ತು. ನಮ್ಮ ಮುದ್ದೆಗೂ ಅದೇ ವಾಸನೆ, ಸೊಪ್ಪಿನ ಸಾರಿಗೂ ಅದೇ. ಆ ಕೋಣೆ ಬಿಟ್ಟು ಬಂದ ಹೊಸದರಲ್ಲಿ ಅಮ್ಮ ಮಾಡಿದ ಊಟವೂ ನನಗೆ ಸಪ್ಪೆ ಅನ್ನಿಸುತ್ತಿತ್ತು. ಯಾಕೆ ಅಂತ ಗೊತ್ತಾಗೋಕೆ ಆರು ತಿಂಗಳು ಹಿಡಿಯಿತು.

ಅಪ್ಪ ಹನುಮಂತಪ್ಪ ವಕೀಲರ ಮನೆಯ ಡ್ರೈವರು. ಅಮ್ಮ ಅದೇ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ವಕೀಲರು ಹೋಗಿ ಎಷ್ಟೋ ವರ್ಷ ಆಗಿತ್ತು, ಆದರೂ ಮನೆಗೆ ವಕೀಲರ ಮನೆ ಅಂತಲೇ ಹೆಸರು. ಮನೆಯಲ್ಲಿ ಇದ್ದವರು ಅವರ ಹೆಂಡತಿ ದೊಡ್ಡಮ್ಮ, ಮಗ ಶ್ರೀಧರ ಸಾರ್. ಅಮ್ಮನಿಗೆ ಸೊಂಟ ನೋವು ಹಿಡಿದಾಗ ನನ್ನ ಸ್ಕೂಲು ನಿಂತಿತು. ನಾಲ್ಕನೇ ಕ್ಲಾಸು. ಇಂಗ್ಲಿಷ್ ಹೇಳಿಕೊಡುತ್ತಿದ್ದದ್ದು ಐದರಿಂದ. ಹಾಗಾಗಿ ಇಂಗ್ಲಿಷ್ ಅಕ್ಷರ ನನಗೆ ಗೋಡೆಯ ಮೇಲಿನ ಚಿತ್ತಾರದ ಥರ, ಅಷ್ಟೆ. ಇದನ್ನು ಕನಿಕರಕ್ಕೆ ಹೇಳುತ್ತಿಲ್ಲ. ಮುಂದೆ ಹೇಳುವುದಕ್ಕೆ ಇದು ಬೇಕು.

ಆ ಕಾರಿನ ಕಂಪನಿಯ ಹೆಸರು ನನ್ನ ನಾಲಿಗೆಗೆ ಆಗಲೂ ಹೊರಳಲಿಲ್ಲ, ಈಗಲೂ ಹೊರಳುವುದಿಲ್ಲ. ನಾವೆಲ್ಲ ಅದನ್ನು ದೊಡ್ಡ ಗಾಡಿ ಅನ್ನುತ್ತಿದ್ದೆವು. ದಿನಾ ಓಡಾಡುವುದಕ್ಕೆ ಸಾರ್‌ಗೆ ಬೇರೆ ಸಣ್ಣ ಕಾರಿತ್ತು. ದೊಡ್ಡ ಗಾಡಿಯ ಕಥೆಯನ್ನು ಅಪ್ಪ ಅದರ ಮೈ ಒರೆಸುವಾಗೆಲ್ಲ ಹೇಳುತ್ತಿದ್ದ, ಬೇರೆಯವರು ಸ್ತೋತ್ರ ಹೇಳುವ ಹಾಗೆ. ಅದು ಮರದ ಪೆಟ್ಟಿಗೆಯಲ್ಲಿ ಕೂತು ಹಡಗಿನಲ್ಲಿ ಬೊಂಬಾಯಿಗೆ ಬಂತಂತೆ, ಅಲ್ಲಿಂದ ರೈಲಿನಲ್ಲಿ ಮೈಸೂರಿಗೆ. ತರಿಸಿದವರು ಯಾರೋ ಅರಸು ಮನೆತನದವರು. ಒಳಗೆ ಹೆಂಗಸರು ಕೂತರೆ ಹೊರಗಿನವರಿಗೆ ಕಾಣಬಾರದು ಅಂತ ಕಿಟಕಿಗೆ ರೇಷ್ಮೆ ಪರದೆ. ಡ್ರೈವರಿಗೂ ಹಿಂದೆ ಕೂತವರಿಗೂ ನಡುವೆ ಗಾಜು. ಹಿಂದಿನಿಂದ ಮಾತು ಹೇಳುವುದಕ್ಕೆ ಒಂದು ಕೊಳವೆ, ಅದರ ಬಾಯಿ ಡ್ರೈವರಿನ ಕಿವಿಯ ಹತ್ತಿರ. ಹೂವು ಇಡುವುದಕ್ಕೆ ಬೆಳ್ಳಿಯ ಪುಟ್ಟ ಹೂದಾನಿ. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಹಿಂದೆ ಒಂದು ಡಬ್ಬಿ ಕಟ್ಟಿ ಇದ್ದಿಲ ಹೊಗೆಯಲ್ಲಿ ಓಡಿಸಿದರಂತೆ. ಅಷ್ಟು ಸಿರಿವಂತ ಗಾಡಿ, ಮುಖಕ್ಕೆ ಮಸಿ ಮೆತ್ತಿಕೊಂಡು ಓಡಾಡಿತಂತೆ. ಆಮೇಲೆ ಅರಸರ ಕೈ ಬರಿದಾಯಿತು, ವಕೀಲರು ಕೊಂಡರು. ಓಡಿಸುವುದು ಇಲ್ಲಿ ಯಾರಿಗೂ ಬಾರದು. ಹಾಗಾಗಿ ಕಾರಿನ ಜೊತೆಗೆ ನಮ್ಮ ತಾತನೂ ಬಂದ. ಜಾಕಿ, ಹ್ಯಾಂಡಲು, ತಾತ. ತಾತನಾದ ಮೇಲೆ ಅಪ್ಪ.

ಅಪ್ಪ ಅಮ್ಮನ ಜಗಳವೆಲ್ಲ ಆ ಗಾಡಿಯದೇ. ವರ್ಷಕ್ಕೆ ನಾಲ್ಕೈದು ಸಲ ಯಾರದ್ದಾದರೂ ಮದುವೆಗೆ, ಒಮ್ಮೆ ಆಯುಧಪೂಜೆಗೆ ಅದು ಹೊರಡುತ್ತಿತ್ತು. ಉಳಿದ ದಿನ ಸುಮ್ಮನೆ ನಿಂತ ಗಾಡಿಗೆ ಅಪ್ಪ ಹೊತ್ತುಹೊತ್ತಿಗೆ ಉಪಚಾರ ಮಾಡುತ್ತಿದ್ದ. ಹಳೇ ಪಂಚೆ ಹರಿದು ಮೆತ್ತನೆಯ ಬಟ್ಟೆ ಮಾಡಿಕೊಂಡಿದ್ದ. ಅಮ್ಮನ ಸೀರೆ ಹರಿದಿದ್ದರೂ ಅದು ಅವನ ಕಣ್ಣಿಗೆ ಬೀಳುತ್ತಿದ್ದದ್ದು ಒರೆಸುವ ಬಟ್ಟೆಯಾಗಿಯೇ.

“ಆ ಕಾರ್ನೇ ಕಟ್ಕಂಡಿದ್ರೆ ಆಯ್ತಿತ್ತಲ್ಲ, ನನ್ನ ಯಾಕ್ ತಂದೆ?”

“ಅದು ಬಾಯ್ ಬಿಡಲ್ಲ ಕಣೇ, ಅದುಕ್ಕೇ ಕಟ್ಕಬೋದಿತ್ತು.”

“ಲಾಲ್‌ಬಾಗ್‌ಗೆ ಹೋಗಿ ಬರೋದ್ರೊಳಗೆ ಒಂದು ಡಬ್ಬ ಪೆಟ್ರೋಲ್ ಕುಡೀತೈತೆ. ನಾನು ಎಲ್ಡು ಲೋಟ ಕಾಫಿ ಕುಡುದ್ರೆ ಮೊಖ ನೋಡ್ತೀಯ!”

ಅಪ್ಪನದು ಒಂದೇ ಕಾನೂನು. ದೊಡ್ಡ ಗಾಡಿಯ ಲೋಹಕ್ಕೆ ಬೇರೆ ಯಾರೂ ಕೈ ಹಚ್ಚಬಾರದು. ಚಕ್ರ, ಫುಟ್‌ಬೋರ್ಡು ಒರೆಸುವುದಕ್ಕೆ ನನ್ನನ್ನು ಬಿಡುತ್ತಿದ್ದ. ದೀಪ, ಹಾರನ್ನು, ಬಾನೆಟ್ಟಿನ ಒಳಗಿನದು ಅವನದೇ. ಅದಕ್ಕೂ ಬರೀ ಬಟ್ಟೆ. “ಹುಣಸೆಹಣ್ಣು ಗಿಣಸೆಹಣ್ಣು ಮುಟ್ಟುಸ್ಬೇಡ, ಇದು ಚೊಂಬಲ್ಲ” ಅಂತ ನನಗೆ ಹೇಳಿದ್ದ. ಒಂದು ಸಲ ಅಲ್ಲ, ಹತ್ತು ಸಲ ಹೇಳಿದ್ದ. ಕೇಳಿಸಿಕೊಳ್ಳಲಿಲ್ಲ ಅಂತ ನಾನು ಹೇಳುವ ಹಾಗಿಲ್ಲ.

ನನ್ನ ಕೈಗೆ ಚೊಂಬು ಮಾತ್ರ ಗೊತ್ತಿತ್ತು. ದೊಡ್ಡಮ್ಮನ ಮನೆಯ ಹಿತ್ತಾಳೆ ತಾಮ್ರವೆಲ್ಲ ನಾನೇ ಬೆಳಗುತ್ತಿದ್ದೆ. ಮದುವೆಯಲ್ಲಿ ಬಂದ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು ಕೊರೆದಿರುತ್ತದಲ್ಲ, ಆ ಅಕ್ಷರದ ಗೀರಿನಲ್ಲಿ ಕರಿ ಕೂರುತ್ತದೆ. ಅದನ್ನು ತೆಗೆದರೆ ಕೆಲಸ ಚೊಕ್ಕ, ಬಿಟ್ಟರೆ ಸೋಮಾರಿ. ಉಜ್ಜಿ ಉಜ್ಜಿ ಎಷ್ಟೋ ಪಾತ್ರೆಯ ಹೆಸರು ಅರ್ಧ ಸವೆದಿತ್ತು. ಯಾರೂ ಕೇಳಿರಲಿಲ್ಲ. ಹೆಸರು ಹೋದರೂ ಚೊಂಬು ಚೊಂಬೇ. ನೀರು ಸೋರುವುದಿಲ್ಲ.

ನನಗೆ ಹನ್ನೆರಡು ವರ್ಷ ಆದಾಗಿನ ಆಯುಧಪೂಜೆ. ಹಿಂದಿನ ದಿನ ಮಧ್ಯಾಹ್ನ ಅಪ್ಪ ಬಾಳೆಕಂದು, ಬೂದುಗುಂಬಳ ತರುವುದಕ್ಕೆ ಕಲಾಸಿಪಾಳ್ಯಕ್ಕೆ ಹೋಗಿದ್ದ. ಪೂಜೆಗೆ ಅಂತ ಬಾನೆಟ್ಟನ್ನು ಎತ್ತಿಟ್ಟೇ ಹೋಗಿದ್ದ. ದೊಡ್ಡಮ್ಮ ಶೆಡ್ಡಿಗೆ ಬಂದರು. ಅವರ ಕಣ್ಣಿಗೆ ಪೊರೆ ಬಂದಿತ್ತು, ಎಲ್ಲವನ್ನೂ ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು. ಬಾನೆಟ್ಟಿನ ಒಳಗೆ ಬಗ್ಗಿ, ಇಂಜಿನ್ನಿನ ಹಿಂದೆ ಬಡಿದಿದ್ದ ಒಂದು ಹಿತ್ತಾಳೆ ಪ್ಲೇಟಿನ ಮೇಲೆ ಬೆರಳಾಡಿಸಿದರು. ವೀಳ್ಯದೆಲೆಯಷ್ಟಗಲದ ತೆಳು ಪ್ಲೇಟು. ಮೇಲೆ ಸುರುಳಿ ಸುರುಳಿ ಇಂಗ್ಲಿಷು, ಕೆಳಗೆ ಅಂಕಿ.

“ಏನೇ ರತ್ನ, ಇದು ಇಷ್ಟು ಮಂಕಾಗಿದೆ? ನಿಮ್ಮಪ್ಪ ಬರೀ ಮೇಲೆ ಮೇಲೆ ಒರೆಸ್ತಾನೆ ಅಷ್ಟೆ.”

“ಅಪ್ಪ ಮುಟ್ಬೇಡ ಅಂದೈತೆ ದೊಡ್ಡಮ್ಮ.”

“ಕಾರು ನಿಮ್ಮಪ್ಪಂದೇನೇ? ಮುಖ ಕಾಣೋ ಹಾಗೆ ಬೆಳಗು ನೋಡೋಣ. ಬೆಳಗಿದ್ರೆ ನಾಳೆ ನನ್ನ ಪಕ್ಕ ಹಿಂದಿನ ಸೀಟಲ್ಲಿ ಕೂರಿಸ್ಕೋತೀನಿ.”

ಪೂಜೆಯಾದ ಮೇಲೆ ದೊಡ್ಡ ಗಾಡಿ ದೊಡ್ಡ ಬಸವಣ್ಣನ ಗುಡಿಗೆ ಹೋಗಿ ಒಂದು ಸುತ್ತು ಬರುತ್ತಿತ್ತು. ಆ ಗಾಡಿಯ ಗೋಡೆಗೆ ತಲೆಯಿಟ್ಟು ಹನ್ನೆರಡು ವರ್ಷ ಮಲಗಿದ್ದೆ, ಒಂದು ಸಲವೂ ಒಳಗೆ ಕೂತಿರಲಿಲ್ಲ. ಹುಣಸೆಹಣ್ಣು, ಇಟ್ಟಿಗೆ ಪುಡಿ ತಂದೆ. ಪ್ಲೇಟು ಹೊಳೆಯಿತು, ಆದರೆ ಅಕ್ಷರದ ಒಳಗಿನ ಕರಿ ಹೋಗಲಿಲ್ಲ. ಅದು ಕಂಪನಿಯವರೇ ತುಂಬಿದ ಕಪ್ಪು ಬಣ್ಣ ಅಂತ ನನಗೇನು ಗೊತ್ತು? ಅಂಕಿ ಇದೆ ಅನ್ನುವುದು ಗೊತ್ತಿತ್ತು, ಸುಳ್ಳು ಹೇಳುವುದಿಲ್ಲ. ಬಸ್ಸಿನ ನಂಬರು ಓದುತ್ತಿದ್ದೆ. ಆದರೆ ಬಾನೆಟ್ಟಿನ ಒಳಗೆ ಯಾರಿಗೂ ಕಾಣದ ಕಡೆ ಇರುವ ಅಂಕಿಯಿಂದ ಯಾರಿಗೆ ಏನಾಗಬೇಕು? ಅಪ್ಪನ ಡಬ್ಬಿಯಲ್ಲಿ ತುಕ್ಕು ತಿಕ್ಕುವ ಎಮರಿ ಪೇಪರ್ ಇತ್ತು. ತೆಗೆದುಕೊಂಡೆ. ಎರಡು ಗಂಟೆ ತಿಕ್ಕಿದೆ. ಕರಿ ಹೋಯಿತು. ಕರಿಯ ಜೊತೆಗೆ ಸುರುಳಿಯೂ ಹೋಯಿತು, ಅಂಕಿಯೂ ಹೋಯಿತು. ದೊಡ್ಡಮ್ಮ ಬಂದು ಮೂಗು ತಾಗಿಸಿ ನೋಡಿ, “ಆಹಾ, ಕನ್ನಡಿ ಕಣೇ!” ಅಂದರು.

ಅವರು ಒಳಗೆ ಹೋದ ಮೇಲೆ ಪ್ಲೇಟಿನ ಮೇಲೆ ಒರೆಸುವ ಬಟ್ಟೆ ಹರಡಿದೆ. ಅಪ್ಪ ಬರುವಷ್ಟರಲ್ಲಿ ಕತ್ತಲಾಗಿತ್ತು. ಆಗಲೇ ನನಗೆ ತಪ್ಪು ಗೊತ್ತಾಗಿತ್ತು. ಇಲ್ಲದಿದ್ದರೆ ಮಾರನೆಯ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಗಂಧ ತೇದು ಆ ಪ್ಲೇಟಿಗೆ ದಪ್ಪಗೆ ಮೆತ್ತಿ, ಕುಂಕುಮ ಇಟ್ಟು, ಸೇವಂತಿಗೆ ಅಂಟಿಸುತ್ತಿರಲಿಲ್ಲ. ಪೂಜೆಯ ಗಂಧ ಕುಂಕುಮ ತಾನಾಗಿ ಉದುರಬೇಕು, ನಾವಾಗಿ ಅಳಿಸಬಾರದು ಅನ್ನುವುದು ಅಪ್ಪನ ಶಾಸ್ತ್ರ. ಅದು ನನಗೆ ಗೊತ್ತಿತ್ತು. ಅವನ ಭಕ್ತಿಯನ್ನೇ ಮುಚ್ಚಳ ಮಾಡಿಕೊಂಡೆ. ಅಪ್ಪ ನೋಡಿ, “ನಮ್ ರತ್ನ ಎಷ್ಟ್ ಚೆಂದಾಗಿ ಪೂಜೆ ಮಾಡವ್ಳೆ ನೋಡಿ ಅಮ್ಮಾವ್ರೆ” ಅಂತ ದೊಡ್ಡಮ್ಮನಿಗೆ ತೋರಿಸಿದ. ನಾನು ಹಿಂದಿನ ಸೀಟಿನಲ್ಲಿ ಕೂತೆ. ಗಾಜಿನ ಆಚೆ ಅಪ್ಪನ ಕತ್ತು, ಒಗೆದ ಬಿಳಿ ಶರಟು ಕಾಣುತ್ತಿತ್ತು. ದೊಡ್ಡಮ್ಮ ಕೊಳವೆ ನನ್ನ ಕೈಗೆ ಕೊಟ್ಟು ಏನಾದರೂ ಹೇಳು ಅಂದರು. ನಾನು “ಡ್ರೈವರ್, ನಿಧಾನ” ಅಂದೆ. ಅಪ್ಪ ನಕ್ಕಿದ್ದು ಕನ್ನಡಿಯಲ್ಲಿ ಕಂಡಿತು. ಅಂಥ ಸಂತೋಷ ನನಗೆ ಮದುವೆಯ ದಿನವೂ ಆಗಲಿಲ್ಲ, ಮಗಳು ಹುಟ್ಟಿದ ದಿನವೂ ಆಗಲಿಲ್ಲ. ಅದೇ ನನಗೆ ಕಷ್ಟ. ಆ ಸಂತೋಷ ಸುಳ್ಳಾಗಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಟೋಪಿ ಹಾಕಿಕೊಂಡ ಒಬ್ಬರು ಬಂದರು. ಹಳೆಯ ದೊಡ್ಡ ಕಾರುಗಳ ಚರಿತ್ರೆ ಬರೆಯುವವರಂತೆ. ಯಾವ ಕಾರು ಯಾವ ಹಡಗಿನಲ್ಲಿ ಬಂತು, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಲ್ಲ ಪುಸ್ತಕವಾಗುತ್ತದೆ, ಅದರಲ್ಲಿ ನಮ್ಮ ಗಾಡಿಯೂ ಇರುತ್ತದೆ ಅಂತ ಅಪ್ಪ ಒಂದು ವಾರದಿಂದ ಕುಣಿಯುತ್ತಿದ್ದ. ಅವರ ಮುಂದೆ ಇಡೀ ಸ್ತೋತ್ರ ಹೇಳಿದ. ಹಡಗು, ಅರಸರು, ಪರದೆ, ಇದ್ದಿಲು, ತಾತ. ಅವರು ಎಲ್ಲವನ್ನೂ ಬರೆದುಕೊಂಡರು, ತಾತನ ಹೆಸರನ್ನೂ ಬರೆದುಕೊಂಡರು. ಆಮೇಲೆ ಬಾನೆಟ್ ಎತ್ತಿಸಿ, ಕರ್ಚೀಫಿನಿಂದ ಒಣಗಿದ ಗಂಧ ಒರೆಸಿದರು. ನಾನು ಶೆಡ್ಡಿನ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದೆ.

“ಶ್ರೀಧರ್, ಇದು ಬ್ಲಾಂಕ್ ಇದೆಯಲ್ರೀ. ನಂಬರ್ ಎಲ್ಲಿ?”

“ಆರ್‌ಸಿ ಬುಕ್ಕಲ್ಲಿದೆ ಸಾರ್.”

“ಬುಕ್ಕಲ್ಲಿದ್ರೆ ಸಾಲ್ದು, ಗಾಡಿ ಮೇಲಿರ್ಬೇಕು. ಇಂಜಿನ್ ಯಾವಾಗ್ಲೋ ಬದಲಾಗಿದೆ. ಚಾಸಿ ಮೇಲಿನ ನಂಬರ್ ವೆಲ್ಡಿಂಗಲ್ಲಿ ಹೋಗಿದೆ. ಉಳಿದಿದ್ದು ಇದೊಂದೇ ಪ್ಲೇಟು. ಇದು ಒರಿಜಿನಲ್ ಅಲ್ಲ ಅನ್ಸತ್ತೆ. ಒರಿಜಿನಲ್ ಬಿಚ್ಕೊಂಡು ಮಾರ್ಬಿಟ್ಟು, ಯಾವ್ದೋ ಖಾಲಿ ತಗಡು ಹೊಡೆದಿದಾರೆ. ಆ ಪ್ಲೇಟಿಗೋಸ್ಕರಾನೇ ಹುಡುಕ್ಕೊಂಡು ಬರೋರಿದಾರೆ.”

ಅಪ್ಪ ಮುಂದೆ ಬಂದು ನೋಡಿದ. ಅವನ ಮುಖ ಸುಣ್ಣದ ಹಾಗಾಯಿತು.

“ನಂಬ್ರ ಇತ್ತು ಸಾರ್. ಟೂ ಫೋರ್ ಸೆವೆನ್ ಒನ್ ಎಲ್. ನಮ್ಮಪ್ಪ ನನಗೆ ಬಾಯಿಪಾಠ ಮಾಡ್ಸಿತ್ತು.”

“ಸರಿಯಾಗೇ ಹೇಳ್ತಿದೀಯ,” ಶ್ರೀಧರ ಸಾರ್ ಅಂದರು. “ಅಂದ್ಮೇಲೆ ಪ್ಲೇಟ್ ಇತ್ತು ಅಂತಾಯ್ತು. ಈಗೆಲ್ಲೋಯ್ತು? ಇಲ್ಲಿಗೆ ಬೇರೆ ಯಾರು ಕೈ ಹಾಕ್ತಾರೆ?”

ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. ಎದೆ ಸೆಟೆಸಿ ಹೇಳಿದ.

“ನನ್ನ ಬಿಟ್ರೆ ಈ ಗಾಡಿನ ಯಾರೂ ಮುಟ್ಟಲ್ಲ ಸಾರ್.”

ತನ್ನ ಹೆಮ್ಮೆಯ ಮಾತಿನಿಂದಲೇ ಅವನು ಸಿಕ್ಕಿಕೊಂಡ. ದೊಡ್ಡಮ್ಮ ಆಗ ವೈಯಾಲಿಕಾವಲ್‌ನ ಮಗಳ ಮನೆಯಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು. ಅಲ್ಲಿದ್ದವರಲ್ಲಿ ನಿಜ ಗೊತ್ತಿದ್ದದ್ದು ನನಗೊಬ್ಬಳಿಗೇ. ನಾನು ತಟ್ಟೆಯನ್ನು ಬೆಂಚಿನ ಮೇಲಿಟ್ಟು, ಲೋಟಗಳನ್ನು ಎತ್ತಿಕೊಂಡು, ತೊಳೆಯುವುದಕ್ಕೆ ಹೋದೆ.

ಶ್ರೀಧರ ಸಾರ್ ಪೋಲೀಸಿಗೆ ಕೊಡಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಶೆಡ್ಡಿನ ಬೀಗದ ಕೈ ಮಾತ್ರ ಇಸಿದುಕೊಂಡರು. ಅದಕ್ಕಿಂತ ತೆಗೆದಿದ್ದರೇ ಚೆನ್ನಾಗಿತ್ತು. ಸಣ್ಣ ಕಾರು ಅಪ್ಪನಿಗೆ, ದೊಡ್ಡ ಗಾಡಿಯನ್ನು ನೋಡಿಕೊಳ್ಳುವುದಕ್ಕೆ ಗ್ಯಾರೇಜಿನಿಂದ ಒಬ್ಬ ಮೆಕ್ಯಾನಿಕ್ಕು. ಅವನು ಹ್ಯಾಂಡಲು ಹೊಡೆಯುವಾಗ ಗೋಡೆಯ ಈಚೆ ನಾವು ಊಟಕ್ಕೆ ಕೂತಿರುತ್ತಿದ್ದೆವು. ಗಾಡಿ ಕೆಮ್ಮಿ ಕೆಮ್ಮಿ ನಿಂತುಹೋಗುತ್ತಿತ್ತು. ಅಪ್ಪ ತುತ್ತು ಕೈಯಲ್ಲೇ ಹಿಡಿದು, “ಇನ್ನೊಂಚೂರು ಚೋಕ್ ಕೊಡೋ, ಕೊಡೋ” ಅಂತ ಗೋಡೆಗೆ ಹೇಳುತ್ತಿದ್ದ. ಮುದ್ದೆ ತಣ್ಣಗಾಗುತ್ತಿತ್ತು.

ನಾಲ್ಕನೇ ದಿನವೋ ಐದನೇ ದಿನವೋ, ನಲ್ಲಿಯ ಹತ್ತಿರ ಅಮ್ಮನಿಗೆ ಹೇಳಿದೆ. ಅಮ್ಮ ಒದ್ದೆ ಕೈಯಲ್ಲೇ ಕೆನ್ನೆಗೆ ಬಾರಿಸಿದಳು. ಆಮೇಲೆ ಸುತ್ತ ನೋಡಿ ಮೆತ್ತಗೆ ಹೇಳಿದಳು.

“ಬಾಯ್ ಮುಚ್ಕೊಂಡಿರು. ಈಗ ನೀನು ಹೋಗಿ ಹೇಳುದ್ರೆ, ಕದ್ದಿದ್ದು ಮುಚ್ಚಾಕಕ್ಕೆ ಮಗಳ ಕೈಲಿ ಸುಳ್ಳು ಹೇಳುಸ್ತಾವ್ನೆ ಅಂತಾರೆ.”

“ಅಪ್ಪಂಗಾದ್ರೂ ಹೇಳ್ಲಾ?”

“ನಿಮ್ಮಪ್ಪಂಗೆ ಹೇಳುದ್ರೆ ಸೀದಾ ಹೋಗಿ ಅವ್ರ ಮುಂದೆ ನಿಂತ್ಕತೈತೆ. ಬ್ಯಾಡ.”

ಅಮ್ಮನ ಮೇಲೆ ತಪ್ಪು ಹೊರಿಸುವುದು ಸುಲಭ. ಅವಳು ಸತ್ತು ಬಹಳ ವರ್ಷವಾಯಿತು, ಎದುರಾಡುವುದಿಲ್ಲ. ಆದರೆ ಅವಳು ಹೇಳಿದ್ದು ಒಂದೇ ಸಲ. ಆಮೇಲೆ ಹನ್ನೊಂದು ವರ್ಷ ನನ್ನ ಬಾಯನ್ನು ಯಾರೂ ಹಿಡಿದಿರಲಿಲ್ಲ. ಇವತ್ತು ನಾನು ಯಾರ ಮುಖಕ್ಕಾದರೂ ಹೊಡೆದಂತೆ ಮಾತಾಡುತ್ತೇನೆ, ಅಜ್ಜಿಗೆ ನಾಲಿಗೆ ಉದ್ದ ಅಂತ ಮೊಮ್ಮಕ್ಕಳು ನಗುತ್ತಾರೆ. ಮಾತಾಡಬೇಕಾದ ಹೊತ್ತಿನಲ್ಲಿ ಸುಮ್ಮನಿದ್ದವಳು ಬೇಡದ ಹೊತ್ತಿನಲ್ಲೆಲ್ಲ ಮಾತಾಡುತ್ತಾಳೆ, ಅಷ್ಟೆ.

ಯುಗಾದಿಗೆ ಮುಂಚೆ ಅಪ್ಪನೇ ಮನೆ ಖಾಲಿ ಮಾಡಿದ. ಗೋಡೆಯ ಸದ್ದು ತಡೆಯಲಾಗಲಿಲ್ಲ. ದೊಡ್ಡಮ್ಮ ಇನ್ನೂ ವಾಪಸು ಬಂದಿರಲಿಲ್ಲ. ಚಾಮರಾಜಪೇಟೆಯ ಒಂದು ವಠಾರಕ್ಕೆ ಬಂದೆವು. ಅಪ್ಪ ಕಲಾಸಿಪಾಳ್ಯದಲ್ಲಿ ತರಕಾರಿ ಟೆಂಪೋ ಓಡಿಸತೊಡಗಿದ. ಹದಿನೆಂಟು ತುಂಬುವ ಮೊದಲೇ ನನಗೆ ಮದುವೆಯಾಯಿತು, ಅದೇ ಮಾರ್ಕೆಟ್ಟಿನಲ್ಲಿ ಟೊಮ್ಯಾಟೊ ಮಾರುವವರ ಮನೆಗೆ. ಈ ನಡುವೆ ಟೋಪಿಯವರ ಪುಸ್ತಕ ಅಚ್ಚಾಯಿತು. ಅದರಲ್ಲಿ ನಮ್ಮ ಗಾಡಿಗೆ ನಾಲ್ಕೇ ಸಾಲು ಇದೆಯಂತೆ, ಮನೆಯ ಡ್ರೈವರು ಮೂಲ ಪ್ಲೇಟನ್ನು ಬದಲಿಸಿರುವ ಶಂಕೆಯಿಂದ ಇದರ ಚರಿತ್ರೆಯನ್ನು ಖಚಿತವಾಗಿ ಹೇಳಲಾಗದು ಅಂತ. ಆ ಮೆಕ್ಯಾನಿಕ್ಕು ಅದನ್ನು ಊರೆಲ್ಲ ಸಾರಿದ. ಟೆಂಪೋ ಸ್ಟ್ಯಾಂಡಿಗೂ ಮುಟ್ಟಿತು.

ಒಂದು ಬೆಳಿಗ್ಗೆ ಅಪ್ಪನಿಗೆ ತಿಂಡಿ ಕೊಡುವುದಕ್ಕೆ ಸ್ಟ್ಯಾಂಡಿಗೆ ಹೋಗಿದ್ದೆ. ಸೊಂಟದ ಮೇಲೆ ಮಗಳಿದ್ದಳು. ಕೋಸಿನ ಮೂಟೆ ಇಳಿಸುತ್ತಿದ್ದ ಮಾದೇಶ ಅನ್ನುವವನು ಕೂಗಿ ಹೇಳಿದ.

“ಹನುಮಂತಣ್ಣ, ಗಾಡಿ ಬಿಟ್ಟು ಟೀಗೆ ಹೋಗ್ತಿದೀನಿ. ನಂಬರ್ ಪ್ಲೇಟ್ ಮೇಲೆ ಕಣ್ಣಾಕ್ಬೇಡ ಗುರು!”

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಆ ನಗು ಎಷ್ಟು ಪಳಗಿತ್ತು ಅಂದರೆ, ದಿನಾ ನಗುತ್ತಾನೆ ಅಂತ ಗೊತ್ತಾಯಿತು. ಅಲ್ಲೇ ಟೆಂಪೋದ ಮರೆಯಲ್ಲಿ ನಿಂತು ಎಲ್ಲ ಹೇಳಿಬಿಟ್ಟೆ. ದೊಡ್ಡಮ್ಮ ಹೇಳಿದ್ದು, ಹುಣಸೆಹಣ್ಣು, ಎಮರಿ, ಗಂಧ. ಅಪ್ಪ ಇಡ್ಲಿ ಡಬ್ಬಿಯ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದ.

“ಯಾವ್ ಪೇಪರು? ನುಣ್ಣಗಿರೋ ಜೀರೋ ನಂಬ್ರದ್ದಾ?”

“ಒರಟಾಗಿತ್ತು.”

“ಥೂ. ಹಿತ್ತಾಳೆಗೆ ಯಾರಾದ್ರೂ ಒರಟು ಪೇಪರ್ ಹಾಕ್ತಾರೇನೇ?”

ಅಷ್ಟೇ ಬೈದದ್ದು. ಡಬ್ಬಿ ಮುಚ್ಚಿ, “ಹತ್ತು” ಅಂದ. ಟೆಂಪೋ ಸೀದಾ ಬಸವನಗುಡಿಗೆ ಹೋಯಿತು.

ದೊಡ್ಡಮ್ಮ ತೀರಿಕೊಂಡಿದ್ದರು, ದೊಡ್ಡ ಗಾಡಿಯನ್ನು ಯಾರಿಗೋ ಕೊಟ್ಟಾಗಿತ್ತು. ಶ್ರೀಧರ ಸಾರ್ ಜಗಲಿಯಲ್ಲಿ ಕೂತು ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಕೇಳಿ ನಕ್ಕುಬಿಟ್ಟರು.

“ಅಯ್ಯೋ, ಅದಾ! ಅದನ್ನ ನಾವು ಯಾವಾಗ್ಲೋ ಮರೆತ್ಬಿಟ್ವಿ ಹನುಮಂತಪ್ಪ. ಕೂತ್ಕೋ, ಕಾಫಿ ಕುಡಿದು ಹೋಗು.”

“ನಾನು ಮರ್ತಿಲ್ಲ ಸಾರ್. ಬರ್ಕೊಡಿ.”

“ಏನು ಬರೀಲಿ?”

“ಪ್ಲೇಟು ನಾನು ತಗೀಲಿಲ್ಲ ಅಂತ. ಕನ್ನಡದಲ್ಲಿ ಬರೀರಿ. ನಮ್ಮೋರು ಓದ್ಬೇಕು.”

ಸಾರ್ ಒಂದು ಹಾಳೆ ತಂದು, ಬಾಯಲ್ಲಿ ಹೇಳಿಕೊಳ್ಳುತ್ತ ಬರೆದರು. “ಹನುಮಂತಪ್ಪನವರ ಮಗಳು ರತ್ನ ಚಿಕ್ಕಂದಿನಲ್ಲಿ ತಿಳಿಯದೆ...” ಅಪ್ಪ ಹಾಳೆಯ ಮೇಲೆ ಕೈಯಿಟ್ಟ.

“ಅದು ಬ್ಯಾಡ ಸಾರ್. ಅವಳ ಹೆಸ್ರು ಹೊಡೀರಿ.”

“ಅವಳೇ ಬಂದು ಹೇಳ್ತಿದಾಳಲ್ಲಯ್ಯ?”

“ಅವಳು ಅದೇ ಮಾರ್ಕೆಟ್ಟಲ್ಲಿ ಬಾಳ್ಬೇಕು. ನಾನು ಮಾಡಿಲ್ಲ ಅಂತ ಬರುದ್ರೆ ಸಾಕು.”

ಬೇರೆ ಹಾಳೆ, ಒಂದೇ ಸಾಲು, ಕೆಳಗೆ ಸಹಿ. ಅಪ್ಪ ಅದನ್ನು ಶರಟಿನ ಜೇಬಿನಲ್ಲಿಟ್ಟುಕೊಂಡು, ಸ್ಟ್ಯಾಂಡಿಗೆ ಬಂದ ಕೂಡಲೇ ಮಾದೇಶನ ಕೈಗೆ ಕೊಟ್ಟ. ಸುತ್ತ ಏಳೆಂಟು ಜನ ಸೇರಿದರು. ಮಾದೇಶ ಗಟ್ಟಿಯಾಗಿ ಓದಿದ. ಹಾಳೆಯ ಹಿಂದೆ ಏನಾದರೂ ಇದೆಯೋ ಅಂತ ತಿರುಗಿಸಿಯೂ ನೋಡಿದ.

“ಸರಿ ಅಣ್ಣ, ನೀನಲ್ಲ. ಮತ್ತೆ ಮಾಡಿದ್ಯಾರು?”

“ನನಗ್ ಗೊತ್ತಿಲ್ಲ” ಅಂದ ಅಪ್ಪ.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಮಾದೇಶ ಹಾಳೆ ಮಡಿಸಿ ಅಪ್ಪನ ಜೇಬಿಗೆ ತುರುಕಿ, ಬೆನ್ನು ತಟ್ಟಿ, ಮೂಟೆಯ ಕಡೆಗೆ ಹೋದ. ಅಪ್ಪ ನನ್ನ ಕಡೆ ತಿರುಗಿ ನೋಡಲಿಲ್ಲ, ಬೇಕೆಂದೇ ನೋಡಲಿಲ್ಲ. ನನ್ನಿಂದ ಮೂರು ಮಾರು ದೂರದಲ್ಲಿ ಅಷ್ಟೂ ಜನ ನಿಂತಿದ್ದರು. ಅವರಲ್ಲಿ ನನ್ನ ಮೈದುನನೂ ಇದ್ದ. ನಾನು ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಹಾಕಿಕೊಂಡು, ಡಬ್ಬಿ ಎತ್ತಿಕೊಂಡು, ಮನೆಯ ಕಡೆ ನಡೆದೆ. ಆಗ ನನಗೆ ಹನ್ನೆರಡಲ್ಲ, ಇಪ್ಪತ್ತಮೂರು.